ಬಿಕ್ಕಲಂ ಹಾಕುವ ಕೈಗೊಂದು ಮಾತು

ನಿವೃತ್ತ ಮೇಷ್ಟರ ಮನೆಗೆ ಬರುವವರಲ್ಲಿ ಎರಡು ಬಗೆ. ಮಗಳ ಮದುವೆಯ ಲಗ್ನಪತ್ರಿಕೆ ಕೊಡಲು ಬರುವವರು ಒಂದು ಬಗೆ. ಕಾಗದಪತ್ರ ಓದಿಸಲು ಬರುವವರು ಇನ್ನೊಂದು ಬಗೆ. ಮೊದಲನೆಯವರು ಕಾಫಿ ಕುಡಿದು, ತಪ್ಪದೇ ಬರಬೇಕೆಂದು ಹೇಳಿ ಹೊರಡುತ್ತಾರೆ. ಎರಡನೆಯವರು ಹೊರಟುಹೋದರೂ ಅವರ ಕಾಗದ ನನ್ನ ತಲೆಯೊಳಗೆ ಉಳಿದುಕೊಳ್ಳುತ್ತದೆ. ಚಳ್ಳಕೆರೆಯಲ್ಲಿ ಹುಟ್ಟಿ, ಸೇವೆಯ ಬಹುಪಾಲನ್ನು ಮೊಳಕಾಲ್ಮೂರು ತಾಲ್ಲೂಕಿನ ಶಾಲೆಗಳಲ್ಲಿ ಕಳೆದ ನಾನು ಹೀಗೆ ಓದಿದ ದಾನಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ, ಉಯಿಲುಗಳಿಗೆ ಲೆಕ್ಕವಿಟ್ಟಿಲ್ಲ. ಓದಿದಾಗಲೆಲ್ಲ ಒಂದೇ ಪ್ರಶ್ನೆ ಕಾಡಿದೆ: ಇದನ್ನು ಬರೆದವರು, ಬರೆಸಿಕೊಂಡವರೊಡನೆ ಒಂದು ಮಾತನ್ನಾದರೂ ಆಡಿದ್ದರೇ?

ಓದುಗ ಮಿತ್ರರೇ, ಇಂದು ಆ ಬರೆಯುವವರೊಡನೆ ನನ್ನದೊಂದು ಜಗಳವಿದೆ. ಜಗಳವಾಡುವ ಮುನ್ನ ನನ್ನ ತಪ್ಪನ್ನೇ ಮೊದಲು ಹೇಳಿಬಿಡುವುದು ನ್ಯಾಯ.

ಹಿಂದೆ ಹಳ್ಳಿಗಳಲ್ಲಿ ಆಸ್ತಿಯ ಸಲಹೆಗಾರರೆಂದರೆ ಮೂವರೇ. ಪಹಣಿ ಬಲ್ಲ ಶಾನುಭೋಗರು, ಕಚೇರಿಯ ಮುಂದೆ ಮಡಿಚುವ ಮೇಜು ಹಾಕಿಕೊಂಡು ಕುಳಿತ ಪತ್ರ ಬರಹಗಾರರು, ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಶಾಲಾ ಮೇಷ್ಟರು. ನನ್ನ ಅಕ್ಷರ ದುಂಡಗಿತ್ತು. 1996ರ ಬೇಸಿಗೆಯಲ್ಲಿ ಪರಿಚಯದ ರೈತರೊಬ್ಬರು ಆರು ಎಕರೆ ಪಿತ್ರಾರ್ಜಿತ ಖುಷ್ಕಿ ಜಮೀನಿನ ವಿಷಯವಾಗಿ ನನ್ನಲ್ಲಿಗೆ ಬಂದರು. ಗಂಡುಮಕ್ಕಳಿಬ್ಬರಿಗೆ ಪಾಲು ಮಾಡಬೇಕು, ಮಗಳಿಂದ ಒಂದು ಹಕ್ಕು ಬಿಡುಗಡೆ ಪತ್ರ ಬೇಕು, ಕರಡು ಬರೆದುಕೊಡಿ ಎಂದರು. ಹಳೆಯ ಪತ್ರವೊಂದನ್ನು ಎದುರಿಗಿಟ್ಟುಕೊಂಡು ಹೆಸರು, ಸರ್ವೆ ನಂಬರು, ಚಕ್ಕುಬಂದಿಗಳನ್ನಷ್ಟೇ ಬದಲಿಸಿ ಬರೆದೆ. ‘ಅರಿಶಿನ ಕುಂಕುಮದ ಬಾಬ್ತು’ ಒಂದಿಷ್ಟು ಹಣ ತಲುಪಿದೆ ಎಂದು ಬರೆದೆ. ‘ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ’ ಎಂದೂ ಬರೆದೆ. ಆ ಹೆಣ್ಣುಮಗಳು ನನ್ನ ವಿದ್ಯಾರ್ಥಿನಿ. ಹಿಂದಿನ ವರ್ಷವಷ್ಟೇ ಆಕೆಯ ಮದುವೆಯ ಊಟ ಉಂಡು ಬಂದಿದ್ದೆ. ಸಹಿ ಮಾಡುವ ಮುನ್ನ ಆಕೆ ಕಾಗದದ ಮೇಲೆ ಕೈಯಿಟ್ಟು, “ಮೇಷ್ಟ್ರೇ, ಇದ್ರಾಗೆ ಏನೈತೆ?” ಎಂದು ಕೇಳಿದಳು. “ಏನಿಲ್ಲಮ್ಮ, ಸಹಿ ಹಾಕು” ಎಂದೆ. ಹಾಕಿದಳು. ಕೈಯಲ್ಲಿ ಹಿಡಿದು ಅಕ್ಷರ ತಿದ್ದಿಸಿದ್ದವನ ಮಾತನ್ನು ಆಕೆ ಏಕೆ ಅನುಮಾನಿಸಿಯಾಳು?

ನನಗಾಗ ತಿಳಿಯದಿದ್ದ ಸಂಗತಿಯೆಂದರೆ, ಕರ್ನಾಟಕ ಸರ್ಕಾರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಮಾಡಿದ ತಿದ್ದುಪಡಿ 1994ರ ಜುಲೈ 30ರಂದೇ ಜಾರಿಗೆ ಬಂದಿತ್ತು. ಅಲ್ಲಿಯವರೆಗೆ ಮದುವೆಯಾಗದಿದ್ದ ಮಗಳು ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳು ಎಂದು ಅದು ಹೇಳಿತ್ತು. ನನ್ನ ವಿದ್ಯಾರ್ಥಿನಿಗೆ ಮದುವೆಯಾದದ್ದು 1995ರಲ್ಲಿ. ತನ್ನದೆಂದು ತಿಳಿಯದ ಪಾಲನ್ನು ಆಕೆ ಸ್ವಸಂತೋಷದಿಂದ ಬಿಟ್ಟುಕೊಟ್ಟಳು ಎಂದು ನಾನು ದುಂಡಗಿನ ಅಕ್ಷರದಲ್ಲಿ ಬರೆದಿದ್ದೆ. ತಿಳಿದಿದ್ದರೂ ಆಕೆ ಅಣ್ಣತಮ್ಮಂದಿರಿಗೆ ಬಿಟ್ಟುಕೊಡುತ್ತಿದ್ದಳೇನೋ, ಅದು ಆಕೆಗೆ ಬಿಟ್ಟ ವಿಚಾರ. ತಿಳಿಯುವ ಅವಕಾಶವನ್ನೇ ಕಸಿದುಕೊಂಡದ್ದು ನನ್ನ ಪಾಪ.

ಇದು ಮೂವತ್ತು ವರ್ಷದ ಹಿಂದಿನ ಕಥೆಯಾಗಿ ಮುಗಿದಿದ್ದರೆ ಈ ಲೇಖನ ಬೇಕಿರಲಿಲ್ಲ. ಅಂದಿನಿಂದ ಕಾನೂನು ಎಷ್ಟು ಮುಂದೆ ಸಾಗಿದೆಯೆಂಬುದನ್ನು ಗಮನಿಸಿ. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದು, ಮದುವೆಯಾದವರು ಆಗದವರು ಎಂಬ ಭೇದವೂ ಅಳಿಯಿತು. ಆ ದಿನ ತಂದೆ ಬದುಕಿರಬೇಕೇ ಬೇಡವೇ ಎಂಬ ಜಿಜ್ಞಾಸೆ ಹದಿನೈದು ವರ್ಷ ನಡೆದು, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಹಕ್ಕು ಹುಟ್ಟಿನಿಂದಲೇ ಬರುವುದರಿಂದ ತಂದೆ ಬದುಕಿರಬೇಕಾದ ಅಗತ್ಯವಿಲ್ಲ ಎಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ, ಇಲ್ಲವೇ ನ್ಯಾಯಾಲಯದ ಮೂಲಕ ಆದ ವಿಭಾಗಗಳಿಗೆ ಚ್ಯುತಿಯಿಲ್ಲ. ಆದರೆ ‘ಬಾಯಿಮಾತಿನಲ್ಲಿ ಪಾಲಾಗಿತ್ತು’ ಎಂಬ ವಾದವನ್ನು ಸುಲಭವಾಗಿ ಒಪ್ಪಬಾರದು ಎಂದೂ ಅದೇ ತೀರ್ಪು ಹೇಳಿದೆ. ನಮ್ಮ ಪ್ರಾಂತ್ಯಕ್ಕೆ ಇದೇನೂ ಪರದೇಶದ ವಿಚಾರವಲ್ಲ. ಮೈಸೂರು ಸಂಸ್ಥಾನ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಮಾಡಿ, ವಿಭಾಗದ ಕಾಲಕ್ಕೆ ತಾಯಿ, ವಿಧವೆ, ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತ್ತು. ಚಿತ್ರದುರ್ಗ ಜಿಲ್ಲೆ ಆ ಸಂಸ್ಥಾನದ್ದೇ ತಾನೇ?

ಕಾನೂನು ಬದಲಾದಂತೆ ಕಚೇರಿಯೂ ಬದಲಾಯಿತು. ಭೂಮಿ ಯೋಜನೆ ಬಂದು ಕೈಬರಹದ ಪಹಣಿ ಹೋಯಿತು. 2023ರಲ್ಲಿ ಬಂದ ಕಾವೇರಿ 2.0 ತಂತ್ರಾಂಶದಲ್ಲಿ ಪಕ್ಷಕಾರರ ವಿವರ, ಆಸ್ತಿಯ ವಿವರ ಎಲ್ಲವನ್ನೂ ಜನರೇ ಮನೆಯಿಂದ ತುಂಬಿ, ದಿನ ಗೊತ್ತುಮಾಡಿಕೊಂಡು ಹೋಗಬಹುದು. ಛಾಪಾ ಕಾಗದದ ಲೆಕ್ಕ ಯಂತ್ರವೇ ಹಾಕುತ್ತದೆ. ಅಕ್ಷರ ದುಂಡಗಿರಬೇಕಾಗಿಲ್ಲ, ಅಕ್ಷರವೇ ಬೇಕಾಗಿಲ್ಲ. ಪತ್ರ ಬರಹಗಾರರು ಮುಷ್ಕರ ಹೂಡಿ, ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ಕೊರಗಿದ್ದನ್ನು ಕಂಡಿದ್ದೇನೆ. ಅವರ ಸಂಕಟ ಸುಳ್ಳಲ್ಲ. ಪರವಾನಗಿ ಪಡೆದು ಬಿಸಿಲಲ್ಲಿ ಕುಳಿತು ಬದುಕು ಕಟ್ಟಿಕೊಂಡ ಸಂಸಾರಗಳವು.

ಆದರೆ ನನ್ನ ವಾದವಿಷ್ಟೇ: ಬರೆಯುವ ಕೆಲಸವನ್ನು ಯಂತ್ರ ಕಸಿದುಕೊಂಡ ಮೇಲೆ ಸಲಹೆಗಾರನ ಬಳಿ ಮಾರಲು ಉಳಿದಿರುವುದು ಸಲಹೆಯೊಂದೇ. ಪತ್ರ ಬರಹಗಾರರಿಗೂ ಸರಿ, ವಕೀಲರಿಗೂ ಸರಿ, ಆಡಿಟರುಗಳಿಗೂ ಸರಿ, ವಿಮಾ ಏಜೆಂಟರಿಗೂ ಸರಿ, ಹೊಸದಾಗಿ ಬಂದ ಕಂಪ್ಯೂಟರ್ ಅಂಗಡಿಯ ಹುಡುಗರಿಗೂ ಸರಿ, ಈ ಮಾತು ಅನ್ವಯಿಸುತ್ತದೆ. ಹೀಗಿದ್ದೂ ಇವರಲ್ಲಿ ಬಹಳ ಮಂದಿ ಇನ್ನೂ ಮಾರುತ್ತಿರುವುದು ನಾನು 1996ರಲ್ಲಿ ನಕಲು ಮಾಡಿದ ಅದೇ ಹಳೆಯ ಮಾದರಿಯನ್ನು. ಈಗ ಅದು ಪೆನ್‌ಡ್ರೈವಿನಲ್ಲಿದೆ ಎಂಬುದೊಂದೇ ವ್ಯತ್ಯಾಸ. ನಾಲ್ಕು ಸಂಗತಿಗಳನ್ನು ಮುಂದಿಡುತ್ತೇನೆ. ಒಪ್ಪುವುದು ಬಿಡುವುದು ನಿಮ್ಮ ವಿವೇಚನೆ.

ಮೊದಲನೆಯದು, ಮುದುಕರ ದಾನಪತ್ರ. ‘ಹೇಗೂ ಮಗನಿಗೇ ಸೇರಬೇಕಾದದ್ದು, ಈಗಲೇ ಬರೆದುಬಿಡಿ’ ಎಂದು ಎಪ್ಪತ್ತು ದಾಟಿದವರಿಂದ ಮನೆ ಜಮೀನುಗಳನ್ನು ದಾನ ಬರೆಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಉಯಿಲಿಗೂ ದಾನಪತ್ರಕ್ಕೂ ಇರುವ ಅಂತರವನ್ನು ಆ ಹಿರಿಯರಿಗೆ ಹೇಳಿದವರುಂಟೇ? ಉಯಿಲು ಬರೆದವನು ಸತ್ತ ಮೇಲಷ್ಟೇ ಜೀವ ತಳೆಯುತ್ತದೆ, ಬದುಕಿರುವವರೆಗೆ ಎಷ್ಟು ಬಾರಿಯಾದರೂ ಬದಲಿಸಬಹುದು. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಇಬ್ಬರು ಸಾಕ್ಷಿಗಳು ಬೇಕು. ದಾನಪತ್ರವಾದರೋ ಸಹಿ ಮಾಡಿ ನೋಂದಾಯಿಸಿದ ದಿನವೇ ಆಸ್ತಿ ಕೈಬಿಟ್ಟುಹೋಗುತ್ತದೆ, ಹಿಂದಕ್ಕೆ ಪಡೆಯುವುದು ಬಹಳ ಕಷ್ಟ. ದಾನವನ್ನೇ ಬರೆಯುವುದಾದರೂ 2007ರ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ 23ನೆಯ ಕಲಮು ಒಂದು ರಕ್ಷಣೆ ಕೊಟ್ಟಿದೆ. ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದರೆ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ರದ್ದುಪಡಿಸಬಹುದು. ಆದರೆ ಷರತ್ತು ಇತ್ತೆಂಬುದು ಕಾಣಬೇಕಲ್ಲ! 2022ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಮೊಕದ್ದಮೆಯಲ್ಲಿ ಷರತ್ತಿಲ್ಲದ್ದಕ್ಕಾಗಿಯೇ ಈ ಕಲಮು ಅನ್ವಯಿಸದೆಂದಿತು. 2025ರ ಜನವರಿ 2ರಂದು ಅದೇ ನ್ಯಾಯಾಲಯ, ಈ ಕಾಯಿದೆಯನ್ನು ವೃದ್ಧರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದಿತು. ನ್ಯಾಯಾಧೀಶರ ಔದಾರ್ಯವನ್ನು ನಂಬಿ ಕೂರುವುದಕ್ಕಿಂತ ಒಂದು ಸಾಲು ಬರೆಯುವುದು ಲೇಸಲ್ಲವೇ? ‘ಜೀವಿತಕಾಲದವರೆಗೆ ಅನ್ನ, ಬಟ್ಟೆ, ಔಷಧ, ವಾಸಕ್ಕೆ ಸ್ಥಳ ಕೊಡತಕ್ಕದ್ದು’ ಎಂಬ ಸಾಲು. ನಾನು ಓದಿದ ದಾನಪತ್ರಗಳಲ್ಲಿ ಈ ಸಾಲನ್ನು ಕಂಡದ್ದು ಅಪರೂಪ.

ಎರಡನೆಯದು, ಜಮೀನಿನ ಮೂಲ. ನಮ್ಮ ಎರಡೂ ತಾಲ್ಲೂಕುಗಳಲ್ಲಿ ಸರ್ಕಾರ ದರಖಾಸ್ತಿನಲ್ಲಿ ಮಂಜೂರು ಮಾಡಿದ ಜಮೀನನ್ನು ನಂಬಿ ಬದುಕುವ ಪರಿಶಿಷ್ಟ ಜಾತಿ ಮತ್ತು ಪಂಗಡದ ಕುಟುಂಬಗಳು ಬಹಳ. ಇಂತಹ ಜಮೀನುಗಳ ಪರಭಾರೆಯನ್ನು ನಿಷೇಧಿಸುವ 1978ರ ಕಾಯಿದೆಯಂತೆ, ಸರ್ಕಾರದ ಅನುಮತಿಯಿಲ್ಲದ ಮಾರಾಟ ಅಸಿಂಧು ಎಂಬುದು ಎಲ್ಲರಿಗೂ ಗೊತ್ತು. ದಾನವೂ ಆ ನಿಷೇಧದೊಳಗೆ ಸೇರಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಕುಟುಂಬದೊಳಗಿನ ವಿಭಾಗವನ್ನೂ ಉಯಿಲನ್ನೂ ಆ ಕಾಯಿದೆ ಪರಭಾರೆಯೆಂದು ಕರೆಯುವುದಿಲ್ಲ. ಎಂದರೆ, ಒಂದೇ ಜಮೀನು ಒಂದೇ ಮಗನಿಗೆ ಉಯಿಲಿನ ಮೂಲಕ ಸುಸೂತ್ರವಾಗಿ ಸೇರಬಹುದು, ದಾನಪತ್ರದ ಮೂಲಕ ತಗಾದೆಗೆ ಬೀಳಬಹುದು. ‘ಇದು ಮಂಜೂರಾದ ಜಮೀನೇ?’ ಎಂಬ ಒಂದು ಪ್ರಶ್ನೆ ಕೇಳಲು ಎಷ್ಟು ಹೊತ್ತು ಬೇಕು?

ಮೂರನೆಯದು, ಯಾವ ಕಾನೂನು ಎಂಬ ವಿಚಾರ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ನಾಯಕ ಸಮುದಾಯದವರು ಇಲ್ಲಿ ಅಷ್ಟು ಸಂಖ್ಯೆಯಲ್ಲಿದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 2ನೆಯ ಕಲಮಿನ ಎರಡನೆಯ ಉಪಕಲಮು, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಈ ಕಾಯಿದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸದು ಎನ್ನುತ್ತದೆ. ಹಾಗಾದರೆ ನಾಯಕರ ಹೆಣ್ಣುಮಗಳ ಪಾಲು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? 2025ರ ಜುಲೈ 17ರಂದು ಛತ್ತೀಸಗಢದ ಗೊಂಡ ಕುಟುಂಬವೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಹೆಣ್ಣನ್ನು ಹೊರಗಿಡುವ ರೂಢಿಯನ್ನು ಯಾರೂ ರುಜುವಾತುಪಡಿಸದಿರುವಾಗ ಆಕೆಗೆ ಪಾಲು ನಿರಾಕರಿಸುವುದು ಸಂವಿಧಾನದ ಸಮಾನತೆಗೆ ವಿರುದ್ಧವೆಂದು ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, 1956ರ ಕಾಯಿದೆಯನ್ನು ನೇರವಾಗಿ ಪಂಗಡಗಳಿಗೆ ಅನ್ವಯಿಸಲಾಗದು ಎಂದು ಪುನಃ ಹೇಳಿತು. ಇಷ್ಟು ಸೂಕ್ಷ್ಮವಾದ ವಿಷಯ ನಮ್ಮ ಊರಿನಲ್ಲಿ ದಿನನಿತ್ಯದ್ದು. ಇಂತಹ ಮನೆಗಳಿಗೆ ಉಯಿಲಿನ ಅಗತ್ಯ ಉಳಿದವರಿಗಿಂತ ಹೆಚ್ಚು, ಏಕೆಂದರೆ ಕಾನೂನು ಅಸ್ಪಷ್ಟವಾಗಿರುವೆಡೆ ತಂದೆತಾಯಿಯ ಸ್ಪಷ್ಟವಾದ ಮಾತೇ ಮಗಳಿಗೆ ಆಸರೆ. ಆದರೂ ಎಲ್ಲರಿಗೂ ಒಂದೇ ಮಾದರಿ ಪತ್ರ, ಒಂದೇ ಒಕ್ಕಣೆ.

ನಾಲ್ಕನೆಯದೇ ನನ್ನ ಮುಖ್ಯ ಆಕ್ಷೇಪ: ಹಣ ಕೊಡುವವನೊಬ್ಬ, ಸಹಿ ಮಾಡುವವರು ಹತ್ತು ಮಂದಿ. ಹಿರಿಯ ಮಗ ಬಂದು ದುಡ್ಡು ಕೊಟ್ಟು ಬರೆಸುತ್ತಾನೆ; ತಾಯಿ, ತಂಗಿಯರು, ವಿಧವೆ ಅತ್ತಿಗೆ ಆಟೋದಲ್ಲಿ ಬಂದು ಇಳಿಯುತ್ತಾರೆ. ಸಲಹೆಗಾರ ಯಾರ ಸಲಹೆಗಾರ? ದುಡ್ಡು ಕೊಟ್ಟವನದು. ಉಳಿದವರಿಗೆ ದೊರೆಯುವ ಸಲಹೆ ‘ಇಲ್ಲಿ ಸಹಿ ಹಾಕಿ, ಇಲ್ಲಿ ಹೆಬ್ಬೆಟ್ಟು ಒತ್ತಿ, ಫೋಟೋಕ್ಕೆ ತಲೆ ಎತ್ತಿ’ ಎಂಬಷ್ಟೇ. ಇದರ ಅಪಾಯವನ್ನು ನ್ಯಾಯಾಲಯಗಳು ಎಂದೋ ಕಂಡಿವೆ. ನಮ್ಮ ಮೈಸೂರು ಸೀಮೆಯಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1958ರಲ್ಲಿ ಕೊಟ್ಟ ತೀರ್ಪು ಇಂದಿಗೂ ದೇಶದ ಎಲ್ಲ ಉಯಿಲು ವ್ಯಾಜ್ಯಗಳಿಗೆ ದಾರಿದೀಪ. ಉಯಿಲಿನಿಂದ ಹೆಚ್ಚು ಲಾಭ ಪಡೆಯುವವನೇ ಅದನ್ನು ಬರೆಸುವುದರಲ್ಲಿ ಮುಂದಾಳಾಗಿದ್ದರೆ ಅದು ಅನುಮಾನಕ್ಕೆ ಎಡೆಗೊಡುವ ಸಂಗತಿ, ಆ ಅನುಮಾನವನ್ನು ನಿವಾರಿಸುವ ಹೊಣೆ ಅವನದೇ ಎಂದು ಅದು ಹೇಳಿತು. ಮುದುಕಿಯನ್ನು ಕರೆತಂದವನೇ ಒಕ್ಕಣೆ ಹೇಳಿ, ಅವನ ಗೆಳೆಯರೇ ಸಾಕ್ಷಿ ಹಾಕಿದ ಉಯಿಲುಗಳು ಇಂದಿಗೂ ಹುಟ್ಟುತ್ತಿರುವಾಗ, ಆ ತೀರ್ಪು ಬಂದು ಆರು ದಶಕ ಕಳೆದರೂ ನಮ್ಮ ಮೇಜುಗಳನ್ನು ತಲುಪಿಲ್ಲವೆಂದೇ ಅರ್ಥ.

ಈ ಮಾತುಗಳನ್ನು ನಾನು ಎದುರಿಗೇ ಹೇಳಿ ಬೈಸಿಕೊಂಡದ್ದೂ ಉಂಟು. “ಮೇಷ್ಟ್ರೇ, ಕೊಡೋ ದುಡ್ಡಿಗೆ ಇಷ್ಟೆಲ್ಲ ಪಾಠ ಹೇಳೋಕಾಗ್ತದಾ?” ಎಂದರು ಒಬ್ಬರು. ನ್ಯಾಯವಾದ ಪ್ರಶ್ನೆ. ಹಾಗಿದ್ದರೆ ಸಲಹೆಗೆ ಬೇರೆ ಶುಲ್ಕವೆಂದು ಬಾಯಿಬಿಟ್ಟು ಕೇಳಿ ಪಡೆಯಲಿ. ಪುಟಕ್ಕಿಷ್ಟು ಎಂದು ಪಡೆಯುವ ಬದಲು ಗಂಟೆಗಿಷ್ಟು ಎಂದು ಪಡೆಯಲಿ. ಎತ್ತಿಗೆ ಔಷಧ ಕೊಡಿಸಲು ದುಡ್ಡು ಬಿಚ್ಚುವ ರೈತ, ಮಕ್ಕಳು ಕೋರ್ಟಿಗೆ ಅಲೆಯದಂತೆ ಮಾಡುವ ಮಾತಿಗೆ ದುಡ್ಡು ಕೊಡನೆಂದು ಮೊದಲೇ ತೀರ್ಮಾನಿಸಿದವರಾರು? ಮತ್ತೊಬ್ಬರು, ಹೆಣ್ಣುಮಕ್ಕಳಿಗೆ ಹಕ್ಕಿನ ವಿಚಾರ ತಿಳಿಸಿದರೆ ಮನೆ ಒಡೆಯುತ್ತದೆ, ತವರಿನ ಬಾಗಿಲು ಮುಚ್ಚುತ್ತದೆ ಎಂದರು. ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ತವರಿನ ಒಂದು ಸೀರೆ, ಒಂದು ಬುತ್ತಿಗಾಗಿ ಎಕರೆಗಟ್ಟಲೆ ಬಿಟ್ಟುಕೊಟ್ಟ ಹೆಣ್ಣುಮಕ್ಕಳನ್ನು ಬಲ್ಲೆ. ಅವರ ಲೆಕ್ಕಾಚಾರ ನಮ್ಮ ಲೆಕ್ಕಾಚಾರಕ್ಕಿಂತ ದೊಡ್ಡದು. ಆದರೆ ತಿಳಿದು ಬಿಟ್ಟುಕೊಟ್ಟರೆ ಅದು ಔದಾರ್ಯ. ತಿಳಿಯದೆ ಬಿಟ್ಟುಕೊಟ್ಟದ್ದಕ್ಕೆ ಔದಾರ್ಯವೆಂಬ ಹೆಸರು ಸಲ್ಲದು. ಅಲ್ಲದೆ ಮನೆ ಒಡೆಯುವುದು ಮಾತಿನಿಂದಲೋ ಮೌನದಿಂದಲೋ? ಹೆದ್ದಾರಿ ಅಗಲವಾದಾಗ, ಗಾಳಿಯಂತ್ರದ ಕಂಪನಿಗಳು ಗುಡ್ಡದ ಪಕ್ಕದ ಜಮೀನು ಕೇಳಿದಾಗ, ಕುದಾಪುರದ ಕಾವಲಿನಲ್ಲಿ ವಿಜ್ಞಾನ ಸಂಸ್ಥೆಗಳು ಬಂದು ಸುತ್ತಲಿನ ಬರಡು ನೆಲಕ್ಕೂ ಬೆಲೆ ಬಂದಾಗ, ತಾತನ ಹೆಸರಿನಲ್ಲೇ ಉಳಿದ ಪಹಣಿ ಹಿಡಿದು ವಂಶವೃಕ್ಷಕ್ಕಾಗಿ ನಾಡಕಚೇರಿಗೆ ಅಲೆದವರ ಜಗಳ ನೋಡಿದವರಿಗೆ ಉತ್ತರ ಗೊತ್ತಿದೆ. ಸತ್ತವರ ಹೆಸರಿನ ಜಮೀನುಗಳಿಗಾಗಿ 2025ರಲ್ಲಿ ಸರ್ಕಾರವೇ ಇ-ಪೌತಿ ಆಂದೋಲನ ಹೂಡಬೇಕಾಯಿತೆಂದರೆ, ನಮ್ಮ ಮೌನದ ಹಳಬಾಕಿ ಎಷ್ಟಿರಬೇಕು!

ಹಾಗಾದರೆ ಏನು ಮಾಡಬೇಕು? ದೊಡ್ಡ ಸುಧಾರಣೆ ಕೇಳುತ್ತಿಲ್ಲ. ಬರೆಯುವ ಮುನ್ನ ಬರೆಸುವ ಹಿರಿಯರೊಡನೆ, ಮಕ್ಕಳನ್ನು ಹೊರಗೆ ಕೂರಿಸಿ, ಕಾಲು ಗಂಟೆ ಒಂಟಿಯಾಗಿ ಮಾತನಾಡಿ. ಆಸ್ತಿ ಸ್ವಯಾರ್ಜಿತವೋ, ಪಿತ್ರಾರ್ಜಿತವೋ, ಮಂಜೂರಾದದ್ದೋ ಕೇಳಿ. ಪಿತ್ರಾರ್ಜಿತವಾದರೆ ತಮ್ಮ ಪಾಲನ್ನಷ್ಟೇ ಉಯಿಲು ಬರೆಯಬಹುದು, ಇಡೀ ಆಸ್ತಿಯನ್ನಲ್ಲ ಎಂದು ಹೇಳಿ. ಬ್ಯಾಂಕಿನಲ್ಲಿ ನಾಮಿನಿ ಬರೆಸಿದ ಮಾತ್ರಕ್ಕೆ ಹಣ ನಾಮಿನಿಯದೇ ಆಗುವುದಿಲ್ಲ, ಆತ ವಾರಸುದಾರರ ಪರವಾಗಿ ಪಡೆಯುವವನು ಎಂದು ತಿಳಿಸಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳಿರಬಹುದಾದ್ದರಿಂದ ಈ ಗೊಂದಲ ಇನ್ನು ಹೆಚ್ಚೀತೇ ವಿನಾ ಕಡಿಮೆಯಾಗದು. ಹಕ್ಕು ಬಿಡುವವರಿಗೆ ಏನನ್ನು ಬಿಡುತ್ತಿದ್ದಾರೆಂದು ಅವರ ಮಾತಿನಲ್ಲಿ ಹೇಳಿ, ಮನೆಗೆ ಹೋಗಿ ಒಂದು ರಾತ್ರಿ ಯೋಚಿಸಿ ಬರಲು ಹೇಳಿ. ತಮಗೆ ತಿಳಿಯದ್ದನ್ನು ತಿಳಿಯದೆಂದು ಒಪ್ಪಿ, ತಿಳಿದ ವಕೀಲರಲ್ಲಿಗೆ ಕಳುಹಿಸಿ. ನನಗೆ 1996ರಲ್ಲಿ ಬರದಿದ್ದದ್ದು ಈ ಕೊನೆಯ ವಿದ್ಯೆಯೇ.

ಮೊಳಕಾಲ್ಮೂರಿನ ಮಕ್ಕಳನ್ನು ಬ್ರಹ್ಮಗಿರಿಯ ಅಶೋಕನ ಶಾಸನಕ್ಕೆ ಎಷ್ಟೋ ಸಲ ಕರೆದೊಯ್ದಿದ್ದೇನೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಆ ಶಾಸನದಲ್ಲಿ ತಂದೆತಾಯಿಯರ ಸೇವೆ ಮಾಡಬೇಕು, ಸತ್ಯ ನುಡಿಯಬೇಕು, ಬಂಧುಗಳೊಡನೆ ಯಥೋಚಿತವಾಗಿ ನಡೆದುಕೊಳ್ಳಬೇಕು ಎಂಬ ಉಪದೇಶವಿದೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. ತಾನು ಲಿಪಿಕಾರನೆಂಬ ಮಾತನ್ನು ಅವನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ನಮ್ಮ ತಾಲ್ಲೂಕಿನಲ್ಲಿ ಬಿಕ್ಕಲಂ ಹಾಕಿದ ಮೊದಲಿಗ ಅವನೇ ಎಂದು ತಮಾಷೆಗೆ ಮಕ್ಕಳಿಗೆ ಹೇಳುತ್ತಿದ್ದೆ. ಈಗ ಅದು ತಮಾಷೆಯೆನಿಸುತ್ತಿಲ್ಲ. ಬರೆದವನು ಕೆಳಗೆ ಹೆಸರು ಹಾಕುವುದು ಕೂಲಿಯ ಗುರುತಿಗಲ್ಲ, ಮೇಲೆ ಬರೆದದ್ದಕ್ಕೆ ನಾನೂ ಉತ್ತರವಾದಿ ಎಂದು ಹೇಳುವುದಕ್ಕೆ.

ಕಳೆದ ವರ್ಷ ಆ ನನ್ನ ವಿದ್ಯಾರ್ಥಿನಿ ಮನೆಗೆ ಬಂದಿದ್ದಳು. ಈಗ ಐವತ್ತು ದಾಟಿದೆ. ಗಂಡ ತೀರಿಕೊಂಡಿದ್ದಾನೆ. ಸ್ವಂತದ ಎರಡು ರೇಷ್ಮೆ ಮಗ್ಗ, ಒಂದು ಸಣ್ಣ ಮನೆ ಇವೆ. ಮಗನಿಗೂ ಮಗಳಿಗೂ ಸಮನಾಗಿ ಉಯಿಲು ಬರೆಯಬೇಕೆಂದು, ಯಾರೋ ಅಚ್ಚು ಹಾಕಿಕೊಟ್ಟ ಕರಡು ತಂದಿದ್ದಳು. 1996ರ ಕಾಗದದ ಮಾತನ್ನು ನಾನೇ ಎತ್ತಿದೆ, ತಪ್ಪಾಯಿತಮ್ಮ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಹೋಗ್ಲಿ ಬಿಡ್ರಿ ಮೇಷ್ಟ್ರೇ. ಈ ಸಲ ಪೂರಾ ಓದಿ ಹೇಳ್ರಿ” ಎಂದಳು.

ಪೂರಾ ಓದಿದೆ. ಕರಡಿನಲ್ಲಿ ಎರಡು ತಪ್ಪಿದ್ದವು. ಮರುದಿನ ಇಬ್ಬರೂ ಬಸ್ಸು ಹತ್ತಿ ವಕೀಲರಲ್ಲಿಗೆ ಹೋದೆವು.